ಮತ ಕೇಳುವವರೂ ಬೆಳಕು ಕೇಳುವವರೂ

ಚುನಾವಣೆಯ ಕಾಲವು ಸಮೀಪಿಸಿತೆಂದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಮನೆಯ ಕಟ್ಟೆಗಳಿಗೆ ಒಂದು ಹೊಸ ಕಳೆ ಬರುವುದುಂಟು. ಐದು ವರ್ಷಗಳಲ್ಲಿ ಒಮ್ಮೆಯೂ ನಮ್ಮ ಹೊಸ್ತಿಲನ್ನು ಕಾಣದವರು ಕೈಮುಗಿದುಕೊಂಡು ಬರುತ್ತಾರೆ. ಹಿರಿಯರ ಆರೋಗ್ಯವನ್ನು ವಿಚಾರಿಸುತ್ತಾರೆ. ತೊಟ್ಟಿಲಲ್ಲಿರುವ ಕೂಸಿನ ಹೆಸರನ್ನು ಕೇಳಿ ನಗುತ್ತಾರೆ. ಮನೆಯ ಯಜಮಾನರಾದ ನಾವು ಅವರಿಗೆ ನೀರು ಕೊಟ್ಟು, ಚಹ ಕೊಟ್ಟು, ‘ಆಗಲಿ, ನೋಡೋಣ’ ಎಂದು ಕಳುಹಿಸಿಕೊಡುತ್ತೇವೆ. ಕೇಳುವವರು ಅವರು, ಕೊಡುವವರು ನಾವು ಎಂಬುದೇ ಈವರೆಗಿನ ಪದ್ಧತಿ. ಈಗೀಗ ಮನೆಯ ಮಕ್ಕಳು ಈ ಪದ್ಧತಿಯನ್ನು ತಿರುಗಿಸಿ, ಬಂದವರನ್ನು ಕೂರಿಸಿ ತಾವೇ ಪ್ರಶ್ನೆ ಕೇಳಬೇಕೆನ್ನುತ್ತಿರುವರು. ಆ ಪ್ರಶ್ನೆಗಳಲ್ಲಿ ಒಂದು ವಿದ್ಯುಚ್ಛಕ್ತಿಯನ್ನು ಕುರಿತದ್ದು. ನಮ್ಮೂರಿಗೆ ಬರುವ ಕರೆಂಟು ಎಲ್ಲಿಂದ ಬರುತ್ತದೆ? ಏನನ್ನು ಸುಟ್ಟು ಬರುತ್ತದೆ? ಅದನ್ನು ಶುದ್ಧವಾದ ಮೂಲದಿಂದ ತರಲು ತಾವು ಏನು ಮಾಡುವಿರಿ? ಈ ತಿಂಗಳು ಇದನ್ನೇ ಕುರಿತು ವಾಚಕರೊಡನೆ ಸ್ವಲ್ಪ ವಿಸ್ತಾರವಾಗಿ ಮಾತನಾಡಬೇಕೆಂದಿದ್ದೇನೆ. ಏಕೆಂದರೆ ಇದು ಸಭೆಗಳ ವಿಷಯವಾಗಿರುವಷ್ಟೇ ನಮ್ಮ ಮನೆಯ ಮತ್ತು ಹೊಲದ ವಿಷಯವೂ ಆಗಿರುವುದು.

ಮೊದಲು ಶಬ್ದಾರ್ಥವನ್ನು ನೋಡಿಕೊಳ್ಳೋಣ; ಬಹುಕಾಲ ಪಾಠ ಹೇಳಿದವನಿಗೆ ಇದು ಬಿಡದ ಅಭ್ಯಾಸ. ‘ಮತ’ ಎಂಬ ಶಬ್ದವು ‘ಮನ್’ ಎಂಬ ಧಾತುವಿನಿಂದ ಬಂದುದು. ಮನ್ ಎಂದರೆ ಆಲೋಚಿಸುವುದು. ಆದುದರಿಂದ ಆಲೋಚಿಸಿ ನಿಶ್ಚಯಿಸಿದುದೇ ಮತವೆಂದು ತಿಳಿಯಬೇಕು. ಕೇಳಿದರೆಂದು ಕೊಟ್ಟುಬಿಡುವುದು ಮತವಾಗಲಾರದು. ಇನ್ನು ಅಗ್ನಿಯ ಹೆಸರುಗಳು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು, ಅಗ್ನಿಗೆ ಅಲ್ಲಿ ‘ಪಾವಕ’ ಎಂದೂ ‘ಶುಚಿ’ ಎಂದೂ ಹೆಸರುಂಟು. ಪವಿತ್ರಗೊಳಿಸುವವನು, ನಿರ್ಮಲನು ಎಂದು ಅವುಗಳ ಅರ್ಥ. ಆದರೆ ಅದೇ ಅಗ್ನಿಗೆ ಅದೇ ಕೋಶದಲ್ಲಿ ‘ಕೃಷ್ಣವರ್ತ್ಮಾ’ ಎಂದೂ ‘ಆಶ್ರಯಾಶ’ ಎಂದೂ ಹೆಸರುಗಳಿರುವುವು. ಹೋದ ದಾರಿಯನ್ನು ಕಪ್ಪಾಗಿಸುವವನು, ತನಗೆ ಆಶ್ರಯ ಕೊಟ್ಟುದನ್ನೇ ತಿನ್ನುವವನು! ನಮ್ಮ ಪೂರ್ವಿಕರು ಬೆಂಕಿಯ ಎರಡು ಮುಖಗಳನ್ನೂ ಕಂಡಿದ್ದರು. ಇಂದಿನ ತರುಣರ ಪ್ರಶ್ನೆಯನ್ನು ಈ ನಾಲ್ಕು ಹೆಸರುಗಳಲ್ಲಿಯೇ ಅಡಗಿಸಬಹುದು. ನಮ್ಮ ಮನೆಯ ದೀಪವನ್ನು ಬೆಳಗುವ ಅಗ್ನಿ ಪಾವಕನೋ ಕೃಷ್ಣವರ್ತ್ಮನೋ ಎಂಬುದೇ ಅವರು ಕೇಳುತ್ತಿರುವ ಪ್ರಶ್ನೆ.

ಹಳೆಯ ಮೈಸೂರು ಸೀಮೆಯವರಿಗೆ ವಿದ್ಯುತ್ತು ಮೊದಲು ನೀರಿನಿಂದ ಬಂದಿತು. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ಶಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ನೆಯ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹತ್ತಿದುವು. ನಮ್ಮ ಸೀಮೆಯು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ೧೯೪೮ರಲ್ಲಿ ಆ ಆಳ್ವಿಕೆ ಮುಗಿದು, ೧೯೫೬ರಲ್ಲಿ ನಾವು ಕನ್ನಡನಾಡಿನೊಡನೆ ಒಂದಾದೆವು. ನಮ್ಮ ಹಳ್ಳಿಗಳ ಗೋಡೆಗಳ ಗೂಡುಗಳಲ್ಲಿ ಸೀಮೆಎಣ್ಣೆಯ ಬುಡ್ಡಿಯ ಕಪ್ಪು ಬಹಳ ವರ್ಷಗಳವರೆಗೆ ಉಳಿದಿದ್ದಿತು. ಅಂಥ ನಾಡಿಗೆ ಬೆಳಕು ಬಂದುದೇ ಭಾಗ್ಯವೆಂದು ನಮ್ಮ ತಲೆಮಾರಿನವರು ತಿಳಿದೆವು. ಅದು ಎಲ್ಲಿಂದ ಬಂದಿತೆಂದು ಕೇಳುವ ವ್ಯವಧಾನ ನಮಗಿರಲಿಲ್ಲ.

ಅದು ಬರುತ್ತಿರುವುದಾದರೂ ಎಲ್ಲಿಂದ? ವಿದ್ಯುತ್ತಿನ ಜಾಲದಲ್ಲಿ ಎಲ್ಲ ಮೂಲಗಳೂ ಒಂದರೊಳಗೊಂದು ಬೆರೆತುಹೋಗುವುವು. ಈ ದೀಪ ಈ ಸ್ಥಾವರದ್ದೆಂದು ಬೆರಳು ಮಾಡಿ ತೋರಿಸಲಾಗದು. ಆದರೂ ನಮ್ಮ ನೆರೆಯ ರಾಯಚೂರು ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ, ೧೯೮೫ರಿಂದ ಕಲ್ಲಿದ್ದಲನ್ನು ಸುಡುತ್ತಿರುವ ದೊಡ್ಡ ಸ್ಥಾವರವಿದೆ. ಎಂಟು ಘಟಕಗಳಾಗಿ ಬೆಳೆದ ಮೇಲೆ ಅದರ ಸಾಮರ್ಥ್ಯ ೧,೭೨೦ ಮೆಗಾವಾಟ್ ಆಯಿತು. ಕಲ್ಲಿದ್ದಲು ಬರುವುದು ಹೊರನಾಡುಗಳ ಗಣಿಗಳಿಂದ, ರೈಲಿನ ಮೇಲೆ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿನೋಡಬಹುದು. ನಮ್ಮ ದೇಶದ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತನ್ನು ತೆಗೆಯಲು ಸುಮಾರು ಮುಕ್ಕಾಲು ಕಿಲೋದ ಹತ್ತಿರ ಹತ್ತಿರ ಕಲ್ಲಿದ್ದಲು ಬೇಕು. ತಿಂಗಳಿಗೆ ೨೦೦ ಯೂನಿಟ್ ಬಳಸುವ ಮನೆಯು ಅದನ್ನೆಲ್ಲ ಕಲ್ಲಿದ್ದಲಿನಿಂದಲೇ ಪಡೆದರೆ ೧೪೦ ಕಿಲೋದಷ್ಟನ್ನು ಸುಟ್ಟಂತಾಯಿತು. ಈ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿಯೇ. ಎಂದರೆ ನಲವತ್ತು ಐವತ್ತು ಕಿಲೋ ಬೂದಿ. ನಮ್ಮ ಒಲೆಯ ಬೂದಿಯಾಗಿದ್ದರೆ ಮನೆಯವಳು ಮಾರನೆಯ ಬೆಳಗ್ಗೆ ತೆಗೆದು ತಿಪ್ಪೆಗೆ ಹಾಕುತ್ತಿದ್ದಳು. ಈ ಬೂದಿಯು ನಮ್ಮ ಕಣ್ಣಿಗೆ ಬೀಳುವುದಿಲ್ಲ; ಬೇರೆಯವರ ಊರಿನ ಅಂಗಳದಲ್ಲಿ ಬೀಳುವುದು. ಹೊಗೆಯಾದರೋ ಯಾವ ಊರಿನ ಎಲ್ಲೆಯನ್ನೂ ಅರಿಯದು.

ಹೀಗೆಂದು ನಮ್ಮಲ್ಲಿ ಬೇರೆ ಮೂಲಗಳಿಲ್ಲವೆಂದಲ್ಲ. ಆಲಮಟ್ಟಿಯ ಅಣೆಕಟ್ಟಿನ ಬುಡದಲ್ಲಿ ೨೯೦ ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುದಾಗಾರವಿದೆ. ೧೯೮೨ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರದಿಂದ ಹೊರಟ ಕಾಲುವೆಗಳು ಸುರಪುರ, ಶಹಾಪುರಗಳ ಎರೆಭೂಮಿಯಲ್ಲಿ ಬತ್ತ, ಹತ್ತಿ, ಮೆಣಸಿನಕಾಯಿಗಳನ್ನು ಬೆಳೆಸಿದುವು. ಆದರೆ ನೀರನ್ನೊಂದನ್ನೇ ನಂಬುವಂತೆಯೂ ಇಲ್ಲ. ೨೦೨೩ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತುಂಬದೆ, ಪಂಪುಸೆಟ್ಟುಗಳ ಬೇಡಿಕೆ ಏರಿ, ರಾಜ್ಯದ ಹಲವೆಡೆ ರೈತರು ವಿದ್ಯುತ್ತಿಗಾಗಿ ಬೀದಿಗಿಳಿಯಬೇಕಾಯಿತು. ನಮ್ಮ ಕಡೆ ಎಂದೂ ಕೊರತೆಯಾಗದ ಮೂಲವೊಂದಿದ್ದರೆ ಅದು ಬಿಸಿಲು. ೨೦೨೩ರ ಮೇ ೧೦ರಂದು ವಿಧಾನಸಭೆಗೆ ಮತ ಹಾಕಿದೆವು. ೨೦೨೪ರ ಮೇ ೭ರಂದು ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಹಾಕಿದೆವು. ಸುರಪುರದವರು ಅದೇ ದಿನ ವಿಧಾನಸಭೆಯ ಉಪಚುನಾವಣೆಗೂ ಸೇರಿಸಿ ಎರಡು ಮತಗಳನ್ನು ಕೊಟ್ಟುಬಂದರು. ಎರಡು ಸಲವೂ ತಲೆಯ ಮೇಲೆ ಬೇಸಿಗೆಯ ಸೂರ್ಯನಿದ್ದನು. ಸಾಲಿನಲ್ಲಿ ನಿಂತವರೆಲ್ಲ ಅವನನ್ನು ಶಪಿಸಿದರೇ ಹೊರತು, ಅವನಿಂದ ಏನನ್ನಾದರೂ ಪಡೆಯಬಹುದೆಂದು ನೆನೆದವರು ವಿರಳ.

ನೆನೆದವರು ಹುಡುಗರು. ಕಾಲೇಜಿನಲ್ಲಿ ಓದುವ ಕೆಲವರು ಒಂದು ಸಂಜೆ ನನ್ನಲ್ಲಿಗೆ ಬಂದಿದ್ದರು. ಅವರಲ್ಲೊಬ್ಬನು ಹೇಳಿದ ಮಾತನ್ನು ಅವನ ನುಡಿಯಲ್ಲಿಯೇ ಇಲ್ಲಿ ಕೊಡುತ್ತೇನೆ: “ಗುರುಗಳೇ, ನಮ್ಮಪ್ಪ ರಾತ್ರಿ ಎರಡಕ್ಕ ಎದ್ದು ಹೊಲಕ್ಕ ನೀರು ಬಿಡಲಿಕ್ಕ ಹೋಗ್ತಾನ್ರಿ. ಹಾವು ಚೇಳಿನ ಅಂಜಿಕಿ. ಹಗಲೆಲ್ಲ ಇಷ್ಟು ಬಿಸಲು ಸುಮ್ಮನ ಬೀಳ್ತದ. ಆ ಬಿಸಲಿನಾಗ ಪಂಪು ಯಾಕ ನಡೀಬಾರದು ಅಂತ ಕೇಳಿದ್ರ ತಪ್ಪೇನ್ರಿ?” ತಪ್ಪೇನೂ ಇಲ್ಲ. ಆದರೆ ಅವನ ತಂದೆಯೇ ಅದನ್ನು ತಪ್ಪೆಂದಿದ್ದನಂತೆ. ‘ಬಂದವರನ್ನು ಕೆಣಕಿದರೆ ಬರುವ ಬಿಟ್ಟಿ ಕರೆಂಟೂ ಹೋದೀತು, ಸುಮ್ಮನಿರು’ ಎಂದು ಗದರಿಸಿದ್ದನಂತೆ. ಮಗನ ಪ್ರಶ್ನೆ ತಂದೆಯ ಜೀವಕ್ಕಾಗಿ; ತಂದೆಯ ಗದರಿಕೆ ಮನೆಯ ಸಂಸಾರಕ್ಕಾಗಿ. ಇಬ್ಬರಲ್ಲಿ ಯಾರನ್ನೂ ದೂರುವಂತಿಲ್ಲ. ಆದರೂ ಈ ಬಿಟ್ಟಿಯ ಮಾತನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ವಿದ್ಯುತ್ತು ಉಚಿತವಾಗಿ ಸಿಕ್ಕಿದೆ. ಮನೆಗಳಿಗೆ ೨೦೦ ಯೂನಿಟ್‌ಗಳವರೆಗೆ ಉಚಿತವೆಂಬ ಭರವಸೆಯು ೨೦೨೩ರ ಚುನಾವಣೆಯಲ್ಲಿ ಬಂದಿತು. ಆ ವರ್ಷದ ಆಗಸ್ಟ್ ೫ರಂದು, ಬೆಂಗಳೂರಿನಲ್ಲಿ ಮೊದಲ ದೀಪ ಹತ್ತಿದ ಅದೇ ತಿಥಿಯಲ್ಲಿ, ಕಲಬುರಗಿಯಲ್ಲಿ ‘ಗೃಹಜ್ಯೋತಿ’ಗೆ ಚಾಲನೆ ದೊರೆಯಿತು. ಮರುವರ್ಷ, ಲೋಕಸಭೆಯ ಚುನಾವಣೆಗೆ ಸ್ವಲ್ಪ ಮುಂಚೆ, ೨೦೨೪ರ ಫೆಬ್ರವರಿ ೧೩ರಂದು ಕೇಂದ್ರ ಸರ್ಕಾರವು ಮನೆಯ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹಾಕಿಸುವ ‘ಸೂರ್ಯಘರ್’ ಯೋಜನೆಯನ್ನು ಘೋಷಿಸಿ, ೨ ಕಿಲೋವಾಟ್‌ಗೆ ೬೦,೦೦೦ ರೂಪಾಯಿ, ೩ ಕಿಲೋವಾಟ್‌ಗೆ ೭೮,೦೦೦ ರೂಪಾಯಿ ಸಹಾಯಧನವನ್ನು ನಿಗದಿ ಮಾಡಿತು. ಎರಡೂ ಚುನಾವಣೆಯ ಹೊತ್ತಿನ ಕೊಡುಗೆಗಳೇ. ಬಡವರ ಮನೆಯ ಬಿಲ್ಲು ಸೊನ್ನೆಯಾದುದು ಸಣ್ಣ ಉಪಕಾರವಲ್ಲ. ಕೂಲಿಗಾಗಿ ಪುಣೆಗೂ ಬೆಂಗಳೂರಿಗೂ ಹೋಗುವ ಸಂಸಾರಗಳಿರುವ ನಮ್ಮ ಜಿಲ್ಲೆಯಲ್ಲಿ ಅದನ್ನು ಹಗುರಾಗಿ ಕಾಣುವವನು ಹಸಿವನ್ನು ಕಾಣದವನು. ಆದರೆ ಈ ಎರಡು ಕೊಡುಗೆಗಳು ಒಂದಕ್ಕೊಂದು ಅಡ್ಡವಾಗಿ ನಿಂತಿರುವುದನ್ನು ಗಮನಿಸಬೇಕು. ಬಿಲ್ಲೇ ಬಾರದ ಮನೆಯವನು ತನ್ನ ಕೈಯಿಂದಲೂ ಹಣ ಹಾಕಿ ಮಾಳಿಗೆಯ ಮೇಲೆ ಫಲಕವನ್ನೇಕೆ ಇಡಿಸಿಯಾನು?

ಹುಡುಗರು ಈ ಗಂಟನ್ನು ಬಿಡಿಸಲು ಒಂದು ಲೆಕ್ಕವನ್ನು ತಂದಿದ್ದರು. ಒಂದು ಕಿಲೋವಾಟ್ ಫಲಕವು ನಮ್ಮ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುವುದು. ಎರಡು ಕಿಲೋವಾಟ್‌ನಿಂದ ತಿಂಗಳಿಗೆ ಸುಮಾರು ೨೪೦ ಯೂನಿಟ್. ಇದಕ್ಕೆ ೨೦೦ ಚದರ ಅಡಿಯಷ್ಟು ನೆರಳಿಲ್ಲದ ಮಾಳಿಗೆ ಸಾಕು. ಫಲಕಗಳು ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುವುವು. ಅಂತು, ತಿಂಗಳು ತಿಂಗಳೂ ಉಚಿತ ವಿದ್ಯುತ್ತಿಗೆಂದು ಬೊಕ್ಕಸದಿಂದ ಹೋಗುವ ಹಣದಲ್ಲಿ ಒಂದು ಪಾಲನ್ನು ಬಡವರ ಮಾಳಿಗೆಗಳಿಗೂ ಪಂಪುಸೆಟ್ಟುಗಳ ಮಾರ್ಗಗಳಿಗೂ ಒಮ್ಮೆ ಹಾಕಿದರೆ, ಉಚಿತವೂ ಉಳಿದೀತು, ಹೊಗೆಯೂ ಕಡಮೆಯಾದೀತು ಎಂಬುದು ಅವರ ವಾದ. ೨೦೧೯ರಲ್ಲಿ ಆರಂಭವಾದ ‘ಕುಸುಮ್’ ಯೋಜನೆಯ ಒಂದು ಭಾಗ ಇದನ್ನೇ ಹೇಳುತ್ತದೆ: ಉಪಕೇಂದ್ರದ ಸಮೀಪದಲ್ಲಿ ಸೌರಘಟಕವನ್ನು ಕಟ್ಟಿ, ಅದರ ಶಕ್ತಿಯನ್ನು ಪಂಪುಗಳಿಗೆ ಹಗಲಿನಲ್ಲಿಯೇ ಕೊಡುವುದು. ಸೂರ್ಯನು ಮುಳುಗಿದ ಮೇಲೆ ಏನೆಂದು ಕೇಳುವವರುಂಟು. ನ್ಯಾಯವಾದ ಆಕ್ಷೇಪವೇ. ರಾತ್ರಿಯ ದೀಪಕ್ಕೆ ನೀರು, ಗಾಳಿ, ಸಂಗ್ರಹದ ಬ್ಯಾಟರಿಗಳು, ಇನ್ನೂ ಕೆಲವು ಕಾಲ ಕಲ್ಲಿದ್ದಲು ಇವೆಲ್ಲ ಬೇಕಾಗುವುವು. ಆದರೆ ಹೊಲಕ್ಕೆ ನೀರನ್ನು ರಾತ್ರಿಯೇ ಬಿಡಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

ತರುಣರು ಚುನಾವಣೆಯ ಕಾಲದಲ್ಲಿ ಇಂಥ ಪ್ರಶ್ನೆಯನ್ನೆತ್ತುವುದು ನಮ್ಮಲ್ಲಿಯೇ ಹುಟ್ಟಿದ ಹೊಸ ಚಾಳಿಯೇನೂ ಅಲ್ಲ. ಸ್ವೀಡನ್ ದೇಶದ ಗ್ರೇಟಾ ಥನ್‌ಬರ್ಗ್ ಎಂಬ ಹದಿನೈದು ವರ್ಷದ ಹುಡುಗಿ ೨೦೧೮ರ ಆಗಸ್ಟ್ ೨೦ರಂದು ತನ್ನ ದೇಶದ ಸಂಸತ್ ಭವನದ ಮುಂದೆ ಒಂದು ಫಲಕವನ್ನಿಟ್ಟುಕೊಂಡು ಒಬ್ಬಳೇ ಕುಳಿತಳು. ಸೆಪ್ಟೆಂಬರ್ ೯ರಂದು ಅಲ್ಲಿ ಮಹಾಚುನಾವಣೆಯಿತ್ತು. ಅಲ್ಲಿಯವರೆಗೆ ಶಾಲೆಯ ದಿನಗಳಲ್ಲೆಲ್ಲ ಕುಳಿತಳು. ಅವಳಿಗೆ ಮತವೇ ಇರಲಿಲ್ಲ. ಆದರೂ ಮತವಿದ್ದವರು ಅವಳತ್ತ ತಿರುಗಿ ನೋಡಿದರು. ವರ್ಷ ತುಂಬುವುದರೊಳಗೆ ನೂರಾರು ನಗರಗಳ ಮಕ್ಕಳು ಅವಳ ದಾರಿಯನ್ನು ಹಿಡಿದರು.

ನಮ್ಮ ಕನ್ನಡನಾಡಿನಲ್ಲಿ ಈ ಪ್ರಶ್ನೆಯನ್ನು ಚುನಾವಣೆಯ ಕಣಕ್ಕೆ ಇಳಿಸಿದವರು ಹುಡುಗರಲ್ಲ, ೮೭ ವರ್ಷದ ವೃದ್ಧರೊಬ್ಬರು. ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ದಂಡೆಯ ಕಾಡಿನಲ್ಲಿ, ಅಣುವಿದ್ಯುತ್ ಸ್ಥಾವರವನ್ನು ಕಟ್ಟಲು ಹೊರಟಾಗ ಡಾಕ್ಟರ್ ಶಿವರಾಮ ಕಾರಂತರು ಅದನ್ನು ವಿರೋಧಿಸಿ, ೧೯೮೯ರಲ್ಲಿ ಆ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದರು. ಮತದಾನದ ವಯಸ್ಸನ್ನು ಸಂವಿಧಾನದ ೬೧ನೆಯ ತಿದ್ದುಪಡಿಯು ೨೧ರಿಂದ ೧೮ಕ್ಕೆ ಇಳಿಸಿದ್ದು ಅದೇ ವರ್ಷ. ಹದಿನೆಂಟು ತುಂಬಿದವರು ಲೋಕಸಭೆಗೆ ಮೊದಲು ಮತ ಹಾಕಿದ್ದೂ ಅದೇ ಚುನಾವಣೆಯಲ್ಲಿ. ಕಾರಂತರು ಗೆಲ್ಲಲಿಲ್ಲ. ಸ್ಥಾವರವೂ ನಿಲ್ಲಲಿಲ್ಲ. ೧೯೯೪ರಲ್ಲಿ, ಕಟ್ಟುತ್ತಿದ್ದ ಒಂದು ಘಟಕದ ಗುಮ್ಮಟದ ಒಳಮೈ ಕಳಚಿ ಬಿದ್ದಿತು. ಬಳಿಕ ಸರಿಪಡಿಸಿ ಕಟ್ಟಿ, ೨೦೦೦ದಲ್ಲಿ ಅಲ್ಲಿಂದ ವಿದ್ಯುತ್ತು ಹರಿಯಿತು. ಆ ಪ್ರಯತ್ನ ವ್ಯರ್ಥವಾಯಿತೆಂದು ಹೇಳುವವರು ಹೇಳಲಿ. ದೀಪವನ್ನು ಕೊಡುವ ಸ್ಥಾವರದ ಬುಡದಲ್ಲಿ ಯಾರ ಊರಿದೆ ಎಂಬ ಪ್ರಶ್ನೆಯನ್ನು ಮತಪೆಟ್ಟಿಗೆಯವರೆಗೆ ಕೊಂಡೊಯ್ಯಬಹುದೆಂದು ಅವರು ತೋರಿಸಿಕೊಟ್ಟರು. ತರುಣರು ಸೋಲನ್ನು ಕಂಡು ಎದೆಗುಂದದಿರಲು ಈ ಒಂದು ಉದಾಹರಣೆ ಸಾಕು.

ಇದೇ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿತ್ತು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಅದಿರು ದೊರೆತು, ಅದನ್ನು ತೆಗೆಯುವ ಪ್ರಯತ್ನಗಳು ನಡೆದಾಗ, ಕೊಳವೆಬಾವಿಗಳ ನೀರು ಏನಾದೀತು, ಹೊಲಗಳು ಏನಾದಾವು ಎಂದು ಸುತ್ತಲಿನ ಹಳ್ಳಿಗಳವರು ಪ್ರತಿಭಟಿಸಿದರು. ಅಣುವಿನ ವಿದ್ಯುತ್ತಿಗೆ ಹೊಗೆಯಿಲ್ಲವೆಂಬುದು ನಿಜ. ಆದರೆ ಹೊಗೆಯಿಲ್ಲದುದೆಲ್ಲ ಶುದ್ಧವೆಂದು ಕೂಡಲೇ ಒಪ್ಪಿಬಿಡಲಾಗದೆಂದು ಗೋಗಿಯ ರೈತನಿಗೆ ಯಾರೂ ಕಲಿಸಬೇಕಾದುದಿಲ್ಲ.

ಸೂರ್ಯನ ಶಕ್ತಿಯನ್ನು ಕುರಿತೂ ಇದೇ ಎಚ್ಚರವಿರಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ೧೩,೦೦೦ ಎಕರೆಗಳಲ್ಲಿ ೨,೦೫೦ ಮೆಗಾವಾಟ್‌ನ ಸೌರೋದ್ಯಾನವನ್ನು ೨೦೧೮ರಿಂದ ಹಂತಹಂತವಾಗಿ ನಡೆಸಲಾಗಿದೆ. ಅಲ್ಲಿ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಬರದಿಂದ ಬೆಂದ ಆ ಸೀಮೆಯ ಹಿಡುವಳಿದಾರನಿಗೆ ಭೂಮಿಯೂ ಉಳಿಯಿತು, ಆದಾಯವೂ ಬಂದಿತು. ಇದು ಮೆಚ್ಚತಕ್ಕ ಕ್ರಮ. ಆದರೆ ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಗುತ್ತಿಗೆಯ ಹಣದಲ್ಲಿ ಪಾಲಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥವರ ಸಂಖ್ಯೆ ಕಡಮೆಯಲ್ಲ. ನಾಳೆ ನಮ್ಮ ಹೊಲಗಳಿಗೆ ಫಲಕಗಳು ಬರುವುದಾದರೆ, ಮತ ಕೇಳಲು ಬಂದವರೊಡನೆ ಭೂಮಿ ಇಲ್ಲದವರ ಪಾಲಿನ ಮಾತನ್ನೂ ಆಡಿಕೊಳ್ಳಬೇಕು. ಆ ಮಾತಿಗೆ ಹುಡುಗರು ತಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಕೊಡುವುದು ಧರ್ಮ.

ಈಗ ತರುಣರಿಗೆ ನಾಲ್ಕು ಮಾತುಗಳು. ಮೊದಲನೆಯದು: ಲೆಕ್ಕವನ್ನು ಕಲಿತು ಕೇಳಿರಿ. ‘ಪರಿಸರವನ್ನು ಉಳಿಸಿರಿ’ ಎಂದರೆ ಬಂದವರೆಲ್ಲರೂ ‘ಉಳಿಸೋಣ’ ಎಂದು ಹೇಳಿ ಹೋಗುತ್ತಾರೆ. ‘ನಮ್ಮ ಉಪಕೇಂದ್ರದಿಂದ ಹೊರಡುವ ಪಂಪುಸೆಟ್ಟಿನ ಮಾರ್ಗಗಳಲ್ಲಿ ಎಷ್ಟನ್ನು, ಯಾವ ವರ್ಷದೊಳಗೆ, ಹಗಲಿನ ಸೌರಶಕ್ತಿಗೆ ತರುವಿರಿ?’ ಎಂದು ಕೇಳಿದರೆ ಉತ್ತರ ಕೊಡಲೇಬೇಕಾಗುವುದು. ಕೊಡದಿದ್ದರೆ ಅದೂ ಒಂದು ಉತ್ತರವೇ. ಎರಡನೆಯದು: ಒಂದೇ ಪ್ರಶ್ನೆಯನ್ನು ಎಲ್ಲ ಪಕ್ಷದವರಿಗೂ ಕೇಳಿರಿ, ಉತ್ತರಗಳನ್ನು ಬರೆದಿಟ್ಟು ಊರಿಗೆ ಓದಿ ಹೇಳಿರಿ. ಯಾವನೊಬ್ಬನ ವಾಹನವನ್ನಾಗಲಿ ಊಟವನ್ನಾಗಲಿ ಸ್ವೀಕರಿಸಿದ ದಿನವೇ ನಿಮ್ಮ ಪ್ರಶ್ನೆಯ ಮೊನೆ ಮುರಿಯುವುದು. ಹದಿನೆಂಟು ತುಂಬದ ಮಕ್ಕಳನ್ನು ಪಕ್ಷಗಳ ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗದ ಕಟ್ಟಳೆಯೂ ಇದೆಯೆಂಬುದು ನೆನಪಿರಲಿ. ಮೂರನೆಯದು: ದೊಡ್ಡ ಚುನಾವಣೆಗಳಿಗೇ ಕಾಯಬೇಡಿರಿ. ಬೀದಿದೀಪವೂ ಕುಡಿಯುವ ನೀರಿನ ಪಂಪೂ ಗ್ರಾಮಪಂಚಾಯತಿಯ ಹೊಣೆ. ಅವುಗಳ ಬಿಲ್ಲೇ ಪಂಚಾಯತಿಗಳಿಗೆ ದೊಡ್ಡ ಭಾರ. ಪಂಚಾಯತಿಗೆ ನಿಂತವರು ನಿಮ್ಮ ಓಣಿಯವರೇ ಆಗಿರುವುದರಿಂದ ಉತ್ತರವನ್ನು ತಪ್ಪಿಸಿಕೊಂಡು ಹೋಗಲಾರರು. ನಾಲ್ಕನೆಯದು: ಫಲಿತಾಂಶ ಬಂದ ಆರು ತಿಂಗಳಿಗೆ ಅದೇ ಕಾಗದವನ್ನು ಹಿಡಿದು ಗೆದ್ದವರ ಬಾಗಿಲಿಗೆ ಮತ್ತೆ ಹೋಗಿರಿ. ಚುನಾವಣೆಯ ಕಾಲದ ಉತ್ಸಾಹ ಜಾತ್ರೆಯ ಉತ್ಸಾಹದಂತೆ. ತೇರು ನಿಂತ ಮೇಲೆ ಅದನ್ನು ಎಳೆದವರು ಕಾಣಸಿಗುವುದಿಲ್ಲ.

ಇದರೊಡನೆ ಕೈಕೆಲಸವನ್ನೂ ಕಲಿಯಬೇಕು. ಫಲಕವನ್ನು ಕೂಡಿಸುವುದು, ತಂತಿ ಎಳೆಯುವುದು, ಕೆಟ್ಟುದನ್ನು ತಿದ್ದುವುದು ಊರಿನಲ್ಲಿಯೇ ಅನ್ನ ಕೊಡಬಲ್ಲ ವಿದ್ಯೆಗಳು. ಹರೀಶ್ ಹಂದೆಯವರು ಇನ್ನೂ ತರುಣರಾಗಿದ್ದಾಗ, ೧೯೯೫ರಲ್ಲಿ, ಸೆಲ್ಕೋ ಎಂಬ ಸಂಸ್ಥೆಯನ್ನು ಆರಂಭಿಸಿ, ಬ್ಯಾಂಕುಗಳ ಸಾಲದ ಸಹಾಯದಿಂದ ಕರ್ನಾಟಕದ ಬಡವರ ಮನೆಗಳಿಗೆ ಸೌರದೀಪಗಳನ್ನು ಮುಟ್ಟಿಸಿದರು. ೨೦೧೧ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಬಡವನು ಸೂರ್ಯನ ದೀಪವನ್ನು ಕೊಳ್ಳಲಾರನೆಂಬ ಮಾತನ್ನು ಅವರು ಭಾಷಣದಿಂದಲ್ಲ, ದುಡಿಮೆಯಿಂದ ಸುಳ್ಳುಮಾಡಿದರು.

ಇನ್ನು ನಾವು, ಮನೆಯ ಹಿರಿಯರು. ಮಗನಿಗೋ ಮಗಳಿಗೋ ಹದಿನೆಂಟು ತುಂಬುತ್ತಲೇ ಮತದಾರರ ಪಟ್ಟಿಗೆ ಹೆಸರನ್ನು ಸೇರಿಸುವುದು ನಮ್ಮ ಕರ್ತವ್ಯ. ಮೊದಲು ಜನವರಿ ೧ ಒಂದೇ ಅರ್ಹತಾ ದಿನಾಂಕವಾಗಿತ್ತು; ೨೦೨೨ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ೧ನೆಯ ದಿನಗಳೂ ಸೇರಿ ನಾಲ್ಕಾದುವು. ಹದಿನೇಳು ತುಂಬಿದವರು ಮುಂಗಡವಾಗಿ ೬ನೆಯ ನಮೂನೆಯಲ್ಲಿ ಅರ್ಜಿ ಕೊಡಲೂ ಅವಕಾಶ ಬಂದಿತು. ಮದುವೆಯ ವಯಸ್ಸಿನ ಲೆಕ್ಕವನ್ನು ಮರೆಯದ ನಾವು ಈ ವಯಸ್ಸಿನ ಲೆಕ್ಕವನ್ನೂ ಮರೆಯಬಾರದು. ಅದರಲ್ಲಿಯೂ ಹೆಣ್ಣುಮಕ್ಕಳ ಹೆಸರನ್ನು ‘ಹೇಗೂ ಗಂಡನ ಮನೆಗೆ ಹೋಗುವವಳು’ ಎಂದು ಬಿಡಬಾರದು. ಒಲೆಯ ಹೊಗೆಯನ್ನು ಕುಡಿದವರು ಹೆಂಗಸರು. ಶುದ್ಧವಾದ ಶಕ್ತಿಯನ್ನು ಕುರಿತು ಮಾತನಾಡಲು ಅವರಿಗಿಂತ ಹೆಚ್ಚಿನ ಅಧಿಕಾರ ಯಾರಿಗಿದೆ?

ಎರಡನೆಯ ಕರ್ತವ್ಯ ಇದಕ್ಕಿಂತ ಕಠಿನವಾದುದು. ಹುಡುಗರು ಕಟ್ಟೆಯ ಮೇಲೆ ಪ್ರಶ್ನೆ ಕೇಳುತ್ತಿರುವಾಗ ಅವರನ್ನು ಗದರಿಸದೆ ಪಕ್ಕದಲ್ಲಿ ಕುಳಿತಿರುವುದು. ಬಂದವರು ಹುಡುಗರ ಮುಖವನ್ನು ನೋಡುವುದಿಲ್ಲ. ಹಿರಿಯರ ಮುಖವನ್ನು ನೋಡುತ್ತಾರೆ. ನಾವು ನಕ್ಕರೆ ಅವರೂ ನಗುವರು; ನಾವು ಉತ್ತರಕ್ಕಾಗಿ ಕಾದು ಕುಳಿತರೆ ಅವರು ಉತ್ತರವನ್ನು ಹುಡುಕುವರು. ೧೮೫೮ರಲ್ಲಿ ಕಂಪೆನಿ ಸರ್ಕಾರವನ್ನು ಎದುರಿಸಿ ನಿಂತ ಸುರಪುರದ ರಾಜಾ ವೆಂಕಟಪ್ಪ ನಾಯಕನು ಆಗ ತರುಣನೇ ಆಗಿದ್ದನೆಂದು ನಮ್ಮ ಮಕ್ಕಳಿಗೆ ಅಭಿಮಾನದಿಂದ ಹೇಳಿಕೊಡುವ ನಾವು, ಅದೇ ಮಕ್ಕಳು ಒಂದು ಪ್ರಶ್ನೆ ಕೇಳಿದೊಡನೆ ‘ನಿನಗೇನು ತಿಳಿಯುತ್ತದೆ?’ ಎಂದರೆ ಹೇಗೆ? ಇಂದು ಅವರಿಂದ ಕತ್ತಿಯನ್ನು ಯಾರೂ ಬಯಸುತ್ತಿಲ್ಲ. ಹಗಲಿನಲ್ಲಿ ಹೊಲಕ್ಕೆ ನೀರು, ಬೂದಿಯಿಲ್ಲದ ಬೆಳಕು, ಭೂಮಿಯಿಲ್ಲದವನಿಗೂ ಒಂದು ಪಾಲು, ಇಷ್ಟನ್ನೇ ಅವರು ಕೇಳುತ್ತಿರುವರು. ಮುಂದಿನ ಚುನಾವಣೆಯು ಯಾವುದೇ ಆಗಿರಲಿ, ಮತ ಕೇಳಲು ಬಂದವರಿಗೆ ಚಹ ಕೊಡುವ ಮೊದಲು ಮನೆಯ ಮಕ್ಕಳನ್ನು ಕರೆದು ಕೂರಿಸಿಕೊಳ್ಳುವ ಪದ್ಧತಿಯನ್ನು ಗೃಹಸ್ಥರಾದ ವಾಚಕರು ಆಚರಣೆಗೆ ತರಬೇಕೆಂದು ನನ್ನ ಬಿನ್ನಹ.